ಎಡಕ್ಕೆ ಒಂದು, ಬಲಕ್ಕೆ ಎರಡು

ಡಿಸೆಂಬರ್ 24, ಬುಧವಾರ. ಬೆಳಿಗ್ಗೆ 10.20. ಭಟ್ಕಳ ಸ್ಟೇಶನ್

ಪ್ಯಾಸೆಂಜರ್ ಗಾಡಿ ಲೇಟು. ಎಷ್ಟು ಲೇಟು ಎಂದು ಕೌಂಟರಿನವನಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಅವನಿಗೆ ಬೇಜಾರೂ ಇಲ್ಲ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಿನ್ನೆ ಶಾಲೆಯ ಲೈಬ್ರರಿಗೆ ಬೀಗ ಹಾಕಿ ಕೀಲಿ ಆಫೀಸಿಗೆ ಕೊಟ್ಟೆ. ಇನ್ನು ಜನವರಿ ಎರಡರ ತನಕ ಯಾವ ಮಗುವೂ ಪುಟ ಹರಿಯುವಂತಿಲ್ಲ. ಇಷ್ಟು ವರ್ಷ ಕ್ರಿಸ್ಮಸ್ ರಜೆ ಎಂದರೆ ಮನೆ ತೊಳೆಯುವುದು. ಈ ಸಲ ಟೂರು. ಹೊನ್ನಾವರಕ್ಕೆ! ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಗಲಿ. ಅವರ ಗಂಡಂದಿರು ಯಾರೂ ಕ್ರೂಸ್ ನಡೆಸುವುದಿಲ್ಲ.

ಕ್ರೂಸ್ ಅಂತ ಬೋರ್ಡು ಹಾಕಿದ್ದಾರಂತೆ. ಇಪ್ಪತ್ತೈದು ಕುರ್ಚಿಯ ಬೋಟು, ಶರಾವತಿ ಹೊಳೆಯಲ್ಲಿ, ಉಪ್ಪುನೀರಲ್ಲೇ ಬೇರುಬಿಡುವ ಕಾಂಡ್ಲಾ ಗಿಡಗಳ ನಡುವೆ ಒಂದು ಸುತ್ತು. ಇವರು ಮೂವತ್ತು ವರ್ಷ ಭಟ್ಕಳ ಬಂದರಿನ ಮೀನುಬೋಟಿನಲ್ಲಿ ತಾಂಡೇಲರಾಗಿ ಚುಕ್ಕಾಣಿ ಹಿಡಿದವರು. ಹೋದ ವರ್ಷ ಇದ್ದಕ್ಕಿದ್ದಂತೆ ಸಮುದ್ರ ಸಾಕು ಅಂದರು, ಹೊನ್ನಾವರದಲ್ಲಿ ವೆಂಕಟ್ರಮಣ ಅವರ ಟೂರಿಸ್ಟ್ ಬೋಟಿಗೆ ಸೇರಿದರು. ಜೆಟ್ಟಿಯ ಹತ್ತಿರ ಒಂದು ರೂಮು. ತಿಂಗಳಿಗೆ ಎರಡು ಸಲ ಮನೆ.

ನಾನು ಇಪ್ಪತ್ತೆರಡು ವರ್ಷದಿಂದ ತಾಂಡೇಲರ ಹೆಂಡತಿ. ಇವತ್ತಿಗೂ ಬೋಟು ಹತ್ತಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಬೋಟಿಗೆ ಕಾಲಿಡಬಾರದು. ಅತ್ತೆ ಹಾಗೆಯೇ ಬದುಕಿ ಹಾಗೆಯೇ ತೀರಿಕೊಂಡರು, ದಡದಲ್ಲಿ ನಿಂತು ಕಾಯಿ ಒಡೆಯುತ್ತ. ಫೋನಿನಲ್ಲಿ ಕೇಳಿದ್ದಕ್ಕೆ ಇವರು, "ಅದೆಲ್ಲ ಮೀನಿನ ಬೋಟಿಗೆ ಮಾರಾಯ್ತಿ. ಇದು ಬೋಟಲ್ಲ, ಬಸ್ಸು. ಬಾ" ಅಂದರು.

ತಂಗಿ ಸುಚಿತಾ ಗಂಡ-ಮಗಳ ಜೊತೆ 28ಕ್ಕೆ ಹುಬ್ಬಳ್ಳಿಯಿಂದ ಬರುತ್ತಾಳೆ. ಅವಳ ಕಾಲನಿಯವರೂ ಸೇರಿ ಇಡೀ ಬೋಟು ಬುಕ್. ಆಮೇಲೆ ಮುರ್ಡೇಶ್ವರ. ಸೀರೆ ತರಬೇಡ ಎಂದು ತಾಕೀತು ಮಾಡಿದ್ದಾಳೆ. ಎರಡು ಸೀರೆ ಇಟ್ಟುಕೊಂಡಿದ್ದೇನೆ.

ಗಾಡಿ ಬಂತು.

ಅದೇ ದಿನ. ಸಂಜೆ 5.30. ಹೊನ್ನಾವರ

ರೂಮು ಚಿಕ್ಕದು, ಚೊಕ್ಕ. ಕಿಟಕಿಯಿಂದ ಹೊಳೆ ಕಾಣುತ್ತದೆ. ಖುಷಿಯಾಗಬೇಕಿತ್ತು.

ಸ್ಟೇಶನ್ನಿಗೆ ಇವರು ಬಂದಿದ್ದರು. ನಾನು ಇಳಿದು ಇವರ ಪಕ್ಕದಲ್ಲೇ ನಿಂತೆ. ಎಡಗಡೆ, ನಾಲ್ಕು ಹೆಜ್ಜೆ. ಕೈ ಬೀಸಿದೆ. ಇವರು ಗಾಡಿಯ ಕಡೆ ಮುಖ ಮಾಡಿ ಬಾಗಿಲು ಬಾಗಿಲು ನೋಡುತ್ತಿದ್ದಾರೆ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಗಾಡಿ ಹೊರಟುಹೋಯಿತು. ಮುಖ ಸಣ್ಣದಾಯಿತು ಇವರದು — ನಾನು ಬಂದಿಲ್ಲ ಎಂದು. ನಾನು ತೋಳು ಮುಟ್ಟಿದಾಗ ಬೆಚ್ಚಿಬಿದ್ದರು.

"ಗರ್ದಿಲಿ ಕಾಣ್ಲಿಲ್ಲ."

ಪ್ಲಾಟ್‌ಫಾರ್ಮಿನಲ್ಲಿ ನಮ್ಮನ್ನು ಬಿಟ್ಟರೆ ಆರು ಜನ. ಗರ್ದಿಯಂತೆ. ಹೊರಗೆ ಬರುವಾಗ ನಿಲ್ಲಿಸಿದ್ದ ಸೈಕಲ್ಲಿಗೆ ಡಿಕ್ಕಿ. ಸೈಕಲ್ಲಿಗೇ ಬೈದರು.

ಡಿಸೆಂಬರ್ 25, ಗುರುವಾರ. ಮಧ್ಯಾಹ್ನ 2.00

ಬೋಟು ಹತ್ತಿದೆ! ಬಲಗಾಲಿಟ್ಟು. ಅತ್ತೆಯನ್ನು ನೆನೆದು ಕ್ಷಮೆ ಕೇಳಿದೆ. ಆಮೇಲೆ ಮರೆತೂ ಹೋಯಿತು. ನೀರು ಇಷ್ಟು ಹತ್ತಿರ ಇರುತ್ತದೆ ಎಂದು ಗೊತ್ತೇ ಇರಲಿಲ್ಲ. ಕೈ ಇಳಿಬಿಟ್ಟರೆ ಸಿಗುತ್ತದೆ. ದೊಡ್ಡ ಹೊಳೆ ದಾಟಿ ಕಾಂಡ್ಲಾದ ಕಿರುಹೊಳೆ ಒಳಗೆ ನುಗ್ಗಿದಾಗ ಎರಡೂ ಕಡೆ ಬೇರುಗಳು, ತಂಪು. ಅಲ್ಲಲ್ಲಿ ಎದೆಮಟ್ಟದ ನೀರಲ್ಲಿ ನಿಂತು ಹೆಂಗಸರು ಕಾಲಿನಿಂದ ತಡಕಿ ಬೆಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಪಕ್ಕದಲ್ಲಿ ಸಣ್ಣ ಪಾತಿದೋಣಿ, ಅದರಲ್ಲಿ ಚಿಪ್ಪಿನ ರಾಶಿ. ಒಬ್ಬಳು ನನ್ನನ್ನು ನೋಡಿ ನಕ್ಕಳು. ಬಂಗಾರಿ ಅಂತೆ, ಇವರೇ ಹೇಳಿದ್ದು. "ಮೂವತ್ತು ವರ್ಷದಿಂದ ಅದೇ ಜಾಗ. ಗಡಿಯಾರ ಇದ್ದ ಹಾಗೆ."

ಇವರು ಹಿಂದೆ ಚುಕ್ಕಾಣಿಯಲ್ಲಿ. ಮುಂದೆ ಮೂತಿಯಲ್ಲಿ ವಿನೋದ. ಮೀನುಬೋಟಿನ ಕಾಲದಿಂದ ಇವರ ಜೊತೆ ಇದ್ದವನು, ನಲವತ್ತರ ಹತ್ತಿರ. ಮುಂದೆ ನಿಂತವನ ಕೆಲಸ ನೀರು ನೋಡಿ ಕೈ ತೋರಿಸುವುದು, ಎಡ, ಬಲ, ನಿಧಾನ. ಎಂಜಿನ್ ಸದ್ದಿಗೆ ಬಾಯಿಮಾತು ಹಿಂದಕ್ಕೆ ಮುಟ್ಟುವುದಿಲ್ಲ. ಅಷ್ಟು ನನಗೂ ಗೊತ್ತು, ಬೋಟು ಹತ್ತದಿದ್ದರೇನಾಯಿತು.

ಆದರೆ ವಿನೋದ ಕೈ ತೋರಿಸುವುದಿಲ್ಲ. ಕಾಲು ಕುಟ್ಟುತ್ತಾನೆ. ಧಡ್. ಧಡ್ ಧಡ್. ಹಲಗೆ ನಡುಗುತ್ತದೆ. ಟೂರಿಸ್ಟುಗಳಿಗೆ ಮಜಾ. "ಡ್ಯಾನ್ಸ್ ಮಾಸ್ತರ್!" ಎಂದು ಚಪ್ಪಾಳೆ. ನಾನೂ ತಟ್ಟಿದೆ.

ಅದೇ ದಿನ. ಸಂಜೆ 6.15

ಊಟದ ತಟ್ಟೆಯ ಪಕ್ಕ ನೀರಿನ ಲೋಟ ಇಟ್ಟೆ. ಎಡಗಡೆ. ಇವರು ಕೈಯಿಂದ ನೆಲ ಸವರುತ್ತ ಸವರುತ್ತ ಲೋಟ ಹುಡುಕಿದರು. ಕಣ್ಣು ಎದುರಿಗೆ, ಟಿವಿಯ ಮೇಲೆ.

ಮತ್ತೆ ಇಟ್ಟೆ. ಈ ಸಲ ಬಲಗಡೆ. ಮತ್ತೆ ಸವರಿದರು.

ಪರೀಕ್ಷೆ ಮಾಡಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಇವರು ಊಟ ಮುಗಿಸಿ ಪೇಪರ್ ಓದಿದರು. ಸಣ್ಣ ಅಕ್ಷರದ ಜಾಹೀರಾತು ಸಹ, ಕನ್ನಡಕ ಇಲ್ಲದೆ. ಹಾಗಾದರೆ ಕಣ್ಣು ಸರಿ ಇದೆಯಲ್ಲ? ಇದೆಯಲ್ಲವೆ?

ಡಿಸೆಂಬರ್ 26, ಶುಕ್ರವಾರ. ಬೆಳಿಗ್ಗೆ 11.00. ಜೆಟ್ಟಿ

ವಿನೋದನನ್ನು ಕೇಳಿದೆ. ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

"ಎಂತ ಕೇಳ್ತ್ರಿ ಅತ್ಗೆ, ಸುಮ್ನೆ ಕುಟ್ಟೂದು, ಜನ ನಗ್ಲಿ ಅಂತ."

ಸುಳ್ಳು ಹೇಳಲು ಬಾರದ ಮನುಷ್ಯ. ನಾನು ಅಲ್ಲೇ ನಿಂತೆ. ಲೈಬ್ರರಿಯಲ್ಲಿ ಪುಸ್ತಕ ಕದ್ದ ಹುಡುಗರ ಎದುರು ನಿಲ್ಲುವುದು ಹೀಗೆಯೇ, ಏನೂ ಕೇಳದೆ. ಎರಡು ನಿಮಿಷ ಸಾಕು.

"ಎಡಕ್ಕೆ ಒಂದು. ಬಲಕ್ಕೆ ಎರಡು. ಮೂರು ಅಂದ್ರೆ ನಿಧಾನ," ಅಂದ. "ಜಟ್ಟಣ್ಣಂಗೆ ಬದೀದು ಕಾಣೂದಿಲ್ಲ ಅತ್ಗೆ. ಎದ್ರಿಗಿದ್ದಷ್ಟೇ. ದೀಪಾವಳಿಯಿಂದ ಹೀಂಗೆ ನಡ್ಸ್ತಿದ್ದೇವೆ. ಕಾಲಿಗೆ ಗೊತ್ತಾಗ್ತದೆ ಅವ್ರಿಗೆ, ಹಲಗೆಲಿ. ಒಂದು ಸಲನೂ ತಪ್ಪಿಲ್ಲ. ಯಾರಿಗೂ ಹೇಳ್ಬೇಡಿ. ಅವ್ರು ಸತ್ತೇ ಹೋಗ್ತಾರೆ."

ಇಪ್ಪತ್ತೈದು ಜನ. ದಿನಕ್ಕೆ ಆರು ಟ್ರಿಪ್ಪು. ನಿನ್ನೆ ನಾನು ಚಪ್ಪಾಳೆ ತಟ್ಟಿದ್ದೆ.

 

ಅದೇ ದಿನ. ಸಂಜೆ 5.45

ಕೇಳಿದೆ. ಸುತ್ತುಬಳಸದೆ.

ಇವರು ಗೋಡೆಯ ಮೊಳೆಯಿಂದ ಬಲೆ ಹೆಣೆಯುವ ಸೂಜಿ ತೆಗೆದರು. ದಾರವನ್ನು ಒಂದೇ ಏಟಿಗೆ ಪೋಣಿಸಿ ನನ್ನ ಮೂಗಿನ ಮುಂದೆ ಹಿಡಿದರು. "ಕುರುಡ ಪೋಣಿಸ್ತ್ನ?"

"ಈಗ ನನ್ನ ಕೈ ಎಲ್ಲಿದೆ ಹೇಳಿ," ಅಂದೆ. ಇವರ ಕಿವಿಯ ಪಕ್ಕ, ಒಂದು ಮೊಳ ದೂರ, ಬೆರಳು ಆಡಿಸುತ್ತಿದ್ದೆ.

ಇವರು ತಲೆ ತಿರುಗಿಸಲಿಲ್ಲ. ತಿರುಗಿಸಿದರೆ ಕಾಣುತ್ತಿತ್ತು. ಮೋಸ ಮಾಡಬಹುದಿತ್ತು. ಮಾಡಲಿಲ್ಲ. ಸೂಜಿ ಕೆಳಗಿಟ್ಟರು.

"ಎಷ್ಟು ದಿನದಿಂದ?"

"ಮೀನುಬೋಟಿಲ್ಲಿದ್ದಾಗ್ಲೇ."

ಅದಕ್ಕೇ ಸಮುದ್ರ ಸಾಕು ಅಂದದ್ದು. ಮೊಣಕಾಲು ನೋವು ಎಂದು ನನಗೆ ಹೇಳಿದ್ದರು. ನಾನು ವರ್ಷವಿಡೀ ಎಣ್ಣೆ ಕಳಿಸಿದೆ, ಒಳ್ಳೆಯ ಮೊಣಕಾಲಿಗೆ. ಮೊದಲು ಅಳು ಬಂತು. ಆಮೇಲೆ ಸಿಟ್ಟು. ಸಿಟ್ಟೇ ವಾಸಿ, ಅದು ಕೆಲಸ ಮಾಡಿಸುತ್ತದೆ. ನಾಳೆ ಕುಮಟಾಕ್ಕೆ, ಕಣ್ಣಿನ ಡಾಕ್ಟರ ಹತ್ತಿರ. ಬೆಳಗಿನ ಟ್ರಿಪ್ಪು ಬೇರೆಯವರಿಗೆ ಬಿಡಿ ಎಂದೆ. ಗೊಣಗಿದರು. ಒಪ್ಪಿದರು.

ಡಿಸೆಂಬರ್ 27, ಶನಿವಾರ. ಮಧ್ಯಾಹ್ನ 1.40. ಕುಮಟಾ ಬಸ್‌ಸ್ಟ್ಯಾಂಡ್

ಬರುವಾಗ ಧಾರೇಶ್ವರದಲ್ಲಿ ಇಳಿದುಬಿಟ್ಟರು. "ದೇವ್ರಿಗೆ ಕೈ ಮುಗ್ದು ಹೋಪ." ಇಪ್ಪತ್ತೆರಡು ವರ್ಷದಲ್ಲಿ ನಾನು ಎಳೆದರೂ ದೇವಸ್ಥಾನದ ಒಳಗೆ ಬಂದವರಲ್ಲ. ಒಂದು ಗಂಟೆ ಅಲ್ಲೇ. ಮೂರು ಸುತ್ತು ಬಂದು ನಾಲ್ಕನೆಯದಕ್ಕೆ ಹೊರಟರು. ಕೈ ಹಿಡಿದು ಎಳೆದುಕೊಂಡು ಬಂದು ಬಸ್ಸು ಹತ್ತಿಸಿದೆ.  ಹೆದರಿದ್ದಾರೆ, ಪಾಪ.

ಡಾಕ್ಟರು ಹೆಂಗಸು, ಮೆತ್ತಗೆ ಮಾತಾಡುವವರು. ಗೋಡೆಯ ಅಕ್ಷರ ಇವರು ಕೊನೇ ಸಾಲಿನ ತನಕ ಓದಿದರು, ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಒಂದು ಮಿಶಿನ್. ಬೋಗುಣಿಯಂಥದರೊಳಗೆ ಮುಖ ಇಡಬೇಕು, ಬೆಳಕಿನ ಚುಕ್ಕೆ ಕಂಡಾಗ ಬಟನ್ ಒತ್ತಬೇಕು. ನಾನು ಹೊರಗೆ ಕೂತು ಕೇಳುತ್ತಿದ್ದೆ. ಬಟನ್ನಿನ ಸದ್ದು ಬರುತ್ತಲೇ ಇಲ್ಲ. ಬಹಳ ಹೊತ್ತಿಗೆ ಒಂದು. ಮತ್ತೆ ಇಲ್ಲ.

ಕಾಗದದಲ್ಲಿ ಚಿತ್ರ ಬಂತು. ನಡುವೆ ಸಣ್ಣ ಬಿಳಿ. ಸುತ್ತ ಪೂರಾ ಕಪ್ಪು. ಗ್ಲಾಕೋಮಾ. ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ದಿನಾ ಡ್ರಾಪ್ಸ್.

"ಕೆಲಸ ಏನು?" ಡಾಕ್ಟರು ಕೇಳಿದರು.

"ಬಲೆ ಹೆಣೆಯೂದು," ಇವರು ಅಂದರು.

"ಒಳ್ಳೇದಾಯ್ತು. ಗಾಡಿ-ಗೀಡಿ ಮಾತ್ರ ಓಡಿಸ್ಬೇಡಿ."

ನಾನು ಬಾಯಿ ತೆರೆದೆ. ಮುಚ್ಚಿದೆ. ಯಾಕೆ ಮುಚ್ಚಿದೆ? ಡಾಕ್ಟರ ಎದುರು ಗಂಡನ ಮಾನ ತೆಗೆಯಬಾರದು ಎಂದೇ? ಇವರ ಮುಖ ನೋಡಿದೆ, ಅದಕ್ಕೇ ಇರಬೇಕು. ಐವತ್ತೊಂದು ವರ್ಷದ ಮುಖ ಆಗ ಐದು ವರ್ಷದ್ದಾಗಿತ್ತು.

ಅದೇ ದಿನ. ಸಂಜೆ 6.30

"ಒಂದ್ನೇ ತಾರೀಕಿನ ತನಕ. ಅಷ್ಟೇ. ಸೀಸನ್ ನಡುವೆ ಬಿಟ್ರೆ ವೆಂಕಟ್ರಮಣರು ಎಲ್ಲಿಂದ ಜನ ತರೂದು? ಎರಡ್ನೇ ತಾರೀಕು ಬ್ಯಾಗ್ ಕಟ್ಟಿ ನಿನ್ನ ಸಂಗ್ತಿಗೆ ಬತ್ತೆ. ಆತಾ?"

ಬೇಡ ಎಂದೆ. ಮತ್ತೆ ಬೇಡ ಎಂದೆ. ಇವರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಬೆನ್ನು ನೋಡುತ್ತ ಕೂತೆ. ಬರೀ ಐದು ದಿನ. ವಿನೋದ ಇದ್ದಾನೆ. ಒಂದು ಸಲವೂ ತಪ್ಪಿಲ್ಲ. ನಾನು ದಿನವೂ ಬೋಟಿನಲ್ಲಿ ಇವರ ಪಕ್ಕ ಕೂರುತ್ತೇನೆ, ಎರಡು ಬದಿ ನಾನು ನೋಡುತ್ತೇನೆ, ಹೇಳುತ್ತೇನೆ.

ಇದೆಲ್ಲ ನಾನೇ ಹೇಳಿದ್ದು. ಗಟ್ಟಿಯಾಗಿ, ನನ್ನ ಬಾಯಿಂದ. "ಆತು" ಎಂದೆ.

ಸುಚಿತಾಳ ಮೆಸೇಜ್: ನಾಳೆ 10ಕ್ಕೆ ಜೆಟ್ಟಿ, ಸ್ಪೀಕರ್ ತರುತ್ತಿದ್ದೇವೆ, ನೀನೂ ಡ್ಯಾನ್ಸ್ ಮಾಡಬೇಕು. ಕೊನೆಗೆ ಕುಣಿಯುವ ಬೊಂಬೆಯ ಇಮೋಜಿ ನಾಲ್ಕು.

ಡಿಸೆಂಬರ್ 29, ಸೋಮವಾರ. ಮಧ್ಯಾಹ್ನ 12.30

ನಿನ್ನೆ ಬರೆಯಲಿಲ್ಲ. ಬರೆಯಲೇಬೇಕು. ಇದ್ದದ್ದು ಇದ್ದ ಹಾಗೆ.

ಹತ್ತೂಕಾಲಿಗೆ ಬೋಟು ಹೊರಟಿತು. ಸುಚಿತಾ, ಅವಳ ಗಂಡ ವಿಶ್ವನಾಥ, ಒಂಬತ್ತು ವರ್ಷದ ಮಗಳು, ಕಾಲನಿಯವರು, ಒಟ್ಟು ಇಪ್ಪತ್ನಾಲ್ಕು. ಎಲ್ಲರಿಗೂ ಜಾಕೆಟ್. ನಾನು ಹೇಳಿದ ಹಾಗೆ ಚುಕ್ಕಾಣಿಯ ಪಕ್ಕ ಕೂತೆ. ಜನ ಚುಡಾಯಿಸಿದರು, ಹನಿಮೂನ್ ಜೋಡಿ ಎಂದು. ಇವರಿಗೆ ನಾಚಿಕೆ. ದೊಡ್ಡ ಹೊಳೆಯಲ್ಲಿ ಎಲ್ಲ ಸರಿ ಇತ್ತು. ನಾನು ಮೆಲ್ಲಗೆ ಹೇಳುತ್ತಿದ್ದೆ, ಎಡಕ್ಕೆ ದೋಣಿ, ಬಲಕ್ಕೆ ಬಲೆಯ ಗೂಟ. ಒಂದು ಹೊತ್ತಿನಲ್ಲಿ ಖುಷಿ ಕೂಡ ಆಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರು ಸೇರಿ ಒಂದು ಕೆಲಸ ಮಾಡುತ್ತಿದ್ದೇವೆ ಎಂದು.

ಕಾಂಡ್ಲಾದ ಒಳಗೆ ಹೋಗುವ ಮೊದಲು ಸ್ಪೀಕರ್ ಹಾಕಿದರು. ಕುರ್ಚಿ ಸರಿಸಿ, ಚುಕ್ಕಾಣಿಯಿಂದ ಮುಂದಿನದು ಕಾಣದ ಹಾಗೆ ಅಡ್ಡ ನಿಂತು ಕುಣಿತ. ಸುಚಿತಾ ಬಂದು ಕೈ ಎಳೆದಳು. "ಬಾರೇ ಅಕ್ಕ, ಎರಡೇ ಸ್ಟೆಪ್ಪು. ಭಾವ ಎಲ್ಲೂ ಓಡಿಹೋಗೂದಿಲ್ಲ." ಮಗು ಇನ್ನೊಂದು ಕೈ. ಇವರು, "ಹೋಗು, ವಿನೋದ ಇದ್ದಾನಲ" ಅಂದರು. ಹೋದೆ.

ಹೋದೆ. ಕುಣಿದೆ. ಚೆನ್ನಾಗಿತ್ತು. ಸುಳ್ಳು ಯಾಕೆ ಬರೆಯಲಿ, ಬಹಳ ಚೆನ್ನಾಗಿತ್ತು.

ಇಪ್ಪತ್ತು ಜನರ ಕಾಲು ಹಲಗೆಯ ಮೇಲೆ. ಹಾಡಿನ ತಾಳ ಎರಡೆರಡು. ಧಡ್ ಧಡ್. ಧಡ್ ಧಡ್. ಎಲ್ಲರೂ ಒಟ್ಟಿಗೆ. ಬೋಟು ಜೋರಾಗಿ ಬಲಕ್ಕೆ ತಿರುಗಿದಾಗ ಜನ "ಹೋ" ಎಂದು ಕಿರುಚಿ ನಕ್ಕರು, ಬೇಕೆಂದೇ ತಿರುಗಿಸಿದ್ದಾರೆ ಎಂದು. ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಮುಂದೆ ವಿನೋದ ಒಂದೇ ಕಾಲನ್ನು ಎತ್ತಿ ಎತ್ತಿ ಕುಟ್ಟುತ್ತಿದ್ದಾನೆ, ಎಡ, ಎಡ, ಎಡ ಎಂದು. ಬಾಯಿ ತೆರೆದಿದೆ. ಸದ್ದು ಬರುತ್ತಿಲ್ಲ. ಇಪ್ಪತ್ತು ಜನರ ಕಾಲ ಕೆಳಗೆ ಅವನ ಒಂದು ಕಾಲು.

ಬಲಗಡೆ ಬಂಗಾರಿ. ಅವಳ ಜಾಗದಲ್ಲೇ. ಕೈ ಎತ್ತಿ ಕೂಗಿದಳು. ದೋಣಿಯ ಅಂಚು ಹಿಡಿದು ಪಕ್ಕಕ್ಕೆ ಜಾರಿದಳು. ನಮ್ಮ ಬೋಟು ಪಾತಿದೋಣಿಯ ನಡುವೆಯೇ ಏರಿತು. ಮರ ಸೀಳಿದ ಸದ್ದಿಗೆ ಹಾಡು ನಿಂತಿತು.

ವಿನೋದ ಹಾರಿದ. ಎತ್ತಿಕೊಂಡ. ಬದುಕಿದ್ದಾಳೆ. ದೋಣಿಯ ತುಂಡು ಬಡಿದು ಹೆಗಲಿನ ಎಲುಬು ಬಿರುಕು ಬಿಟ್ಟಿದೆ. ಒಂದು ಅಡಿ ಈಚೆ ಇದ್ದಿದ್ದರೆ — ಬರೆಯುವುದಿಲ್ಲ.

ಇವರು ಚುಕ್ಕಾಣಿ ಹಿಡಿದೇ ನಿಂತಿದ್ದರು. "ಎರಡು ಕೇಳ್ತು," ಅಂದರು ನನಗೆ. "ಎರಡು ಕೇಳ್ತು ವೀಣಾ. ಬಲಕ್ಕೆ."

ಆ ಹೆಜ್ಜೆಗಳಲ್ಲಿ ನನ್ನವೂ ಇದ್ದವು.

ಸುಚಿತಾ ಇವತ್ತು ಬೆಳಿಗ್ಗೆಯೇ ಹೊರಟಳು. ಮುರ್ಡೇಶ್ವರ ಇಲ್ಲ. ಮಗುವಿಗೆ ಜ್ವರ. ಅವಳಿಗೆ ಏನೂ ಹೇಳಿಲ್ಲ. ಅಕ್ಕ ನಿನ್ನ ತಪ್ಪೇನೂ ಇಲ್ಲ ಎಂದು ನನ್ನ ಬೆನ್ನು ಸವರಿದಳು.

ಅದೇ ದಿನ. ಸಂಜೆ 5.00

ವೆಂಕಟ್ರಮಣ ಬಂದಿದ್ದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಜಟ್ಟನ ಕೈಲಿ ತಪ್ಪು ಆಗೂದಲ್ಲ, ನಂಗೊತ್ತು. ಆ ಹೆಂಗಸ್ರು ಬೋಟಿನ ದಾರೀಲಿ ನಿಂತ್ರೆ ಎಂತ ಮಾಡೂದು?" ಅಂದರು.

ನಿನ್ನೆಯ ಟೂರಿಸ್ಟುಗಳೂ ಹಾಗೆಯೇ ಹೇಳಿದ್ದಾರಂತೆ. ಆಚೆ-ಈಚೆಯ ಬೋಟಿನವರೂ. ನಾಡಿದ್ದು 31ಕ್ಕೆ ಬೋಟು ಮಾಲಕರ ಮೀಟಿಂಗು. ಸೀಸನ್ ಮುಗಿಯುವವರೆಗೆ ಬೆಳಚಿನ ಹೆಂಗಸರು ಹಗಲು ಕಿರುಹೊಳೆಗೆ ಇಳಿಯಬಾರದು ಎಂದು ಠರಾವು. ಬಂಗಾರಿಯ ದೋಣಿ ಮಾಲಕರೇ ಹೊಸದು ಮಾಡಿಸಿಕೊಡುತ್ತಾರೆ. ಆದರೆ ತಪ್ಪು ತನ್ನದು ಎಂದು ಅವಳು ಹೆಬ್ಬೆಟ್ಟು ಒತ್ತಬೇಕು.

ಇವರು ನೆಲ ನೋಡುತ್ತ ಕೇಳಿಸಿಕೊಂಡರು. ವಿನೋದ ನನ್ನ ಕಡೆ ನೋಡಿದ. ನಾನು ಚಾ ಸೋಸಲು ಒಳಗೆ ಹೋದೆ. ಹೇಡಿ.

ಡಿಸೆಂಬರ್ 30, ಮಂಗಳವಾರ. ಮಧ್ಯಾಹ್ನ 3.15

ಬಂಗಾರಿಯ ಮನೆಗೆ ಹೋಗಿದ್ದೆ. ಹೊಳೆಯ ಆಚೆ, ತೆಂಗಿನ ಸಾಲಿನ ಹಿಂದೆ. ಒಬ್ಬಳೇ ಇರುವುದು. ಗಂಡ ಇಲ್ಲ. ತೋಳು ಕುತ್ತಿಗೆಗೆ ಕಟ್ಟಿದ್ದಾರೆ. ಎಡಗೈಯಲ್ಲೇ ನನಗೆ ಮಣೆ ಹಾಕಿದಳು. ಬೇಡ ಎಂದರೂ ಕೇಳದೆ ಬೆಲ್ಲ-ನೀರು ತಂದಳು.

ಅಂಗಳದಲ್ಲಿ ಸೀಳಿದ ದೋಣಿಯ ಎರಡು ತುಂಡು, ಗೋಡೆಗೆ ಒರಗಿಸಿ ಇಟ್ಟಿದ್ದಾಳೆ.

"ನಂದೇ ತಪ್ಪು ಅಮ್ಮ," ಅಂದಳು. "ತಾಂಡೇಲ್ರು ಎಷ್ಟು ವರ್ಷದವ್ರು, ಅವ್ರಿಗೆ ಗೊತ್ತಾಗದ ನೀರು ಇದೆಯ? ನಾನೇ ಎಲ್ಲೋ ಸರದು ನಿಂತಿದ್ನೇನೋ. ವಯಸ್ಸಾತು. ಕಾಲಿಗೆ ಬೆಳಚು ಸಿಕ್ಕಿದ ಕಡೆ ಹೋಗೂದು, ದಾರಿ ಮರ್ತ್ಹೋಗ್ತದೆ."

"ನೀನು ನಿನ್ನ ಜಾಗದಲ್ಲೇ ಇದ್ದೆ," ಅಂದೆ.

"ಹೌದ? ನಂಗೂ ಹಾಂಗೇ ಅನಿಸ್ತದೆ. ಆದ್ರೆ ಎಲ್ಲ ಹೇಳ್ತ್ರಲ..."

ಮೂವತ್ತು ವರ್ಷ ನಿಂತ ಜಾಗದ ಬಗ್ಗೆ ಅವಳಿಗೆ ಈಗ ಅನುಮಾನ. ಎರಡು ದಿನದಲ್ಲಿ. ಎಲುಬು ಕೂಡುತ್ತದೆ, ಇದು ಕೂಡುತ್ತದೆಯೆ? ನಾಳೆ ಹೆಬ್ಬೆಟ್ಟು ಒತ್ತಿದರೆ ಅವಳ ಜೊತೆ ಇನ್ನೂ ಹದಿನಾರು ಹೆಂಗಸರಿಗೆ ಹೊಳೆ ಇಲ್ಲ. ಅದೂ ಅವಳಿಗೆ ಗೊತ್ತು. ಅವರೆಲ್ಲ ಇವಳ ಹತ್ತಿರ ಮಾತು ಬಿಟ್ಟಿದ್ದಾರಂತೆ.

ಬೆಲ್ಲ ಕೈಯಲ್ಲೇ ಹಿಡಿದು ಎದ್ದು ಬಂದೆ.

ಅದೇ ದಿನ. ಸಂಜೆ 6.40

ಜಗಳ. ಬಾಗಿಲು ಹಾಕಿ, ದನಿ ತಗ್ಗಿಸಿ. ದನಿ ತಗ್ಗಿಸಿ ಆಡುವ ಜಗಳ ಬಹಳ ಕೆಟ್ಟದ್ದು.

"ಬೋಟು ಬಿಟ್ರೆ ನಾ ಎಂತ? ಹದ್ನಾಲ್ಕು ವರ್ಷಕ್ಕೆ ನೀರಿಗಿಳ್ದವ. ಹೇಳು, ನಾ ಎಂತ?"

"ಅವಳು ಸತ್ತಿದ್ದರೆ ಎಂತ ಆಗ್ತಿದ್ರಿ?"

ಹಾಗೆ ಕೇಳಬಾರದಿತ್ತು. ಕೇಳಲೇಬೇಕಿತ್ತು. ಇವರು ಗೋಡೆಗೆ ಒರಗಿ ಕೂತರು. ಅತ್ತರು. ನಾನು ನೋಡಿದ್ದು ಮೊದಲ ಸಲ. ಅವರ ಅಮ್ಮ ಹೋದಾಗಲೂ ಅತ್ತವರಲ್ಲ. ಪಕ್ಕದಲ್ಲಿ ಕೂತೆ. ಸಿಟ್ಟೂ ಇತ್ತು, ಪ್ರೀತಿಯೂ ಇತ್ತು, ಯಾವುದು ಹೆಚ್ಚು ಎಂದು ಕೇಳಿದರೆ ಹೇಳಲಾರೆ.

"ನಾಳೆ ಮೀಟಿಂಗಲ್ಲಿ ನಾನೇ ಹೇಳ್ತೆ," ಅಂದರು ಕೊನೆಗೆ. "ನೀ ಬಾಯಿ ಹಾಕ್ಬೇಡ. ನನ್ನ ಬಾಯಿಂದ ಬರ್ಲಿ."

ಸರಿ. ಹಾಗೇ ಆಗಲಿ. ಅಷ್ಟು ಗೌರವ ಅವರಿಗೆ ಇರಲಿ.

ಡ್ರಾಪ್ಸ್ ಹಾಕಿದೆ. ಕಣ್ಣು ಪಿಳುಕಿಸದೆ ಮಗುವಿನ ಹಾಗೆ ಮಲಗಿದ್ದರು.

ಡಿಸೆಂಬರ್ 31, ಬುಧವಾರ. ಬೆಳಿಗ್ಗೆ 10.50. ಜೆಟ್ಟಿಯ ಶೆಡ್ಡು

ಮೀಟಿಂಗು ಹನ್ನೊಂದಕ್ಕೆ. ಒಂಬತ್ತು ಬೋಟಿನ ಮಾಲಕರು, ನಡೆಸುವವರು. ಬಾಗಿಲ ಹತ್ತಿರ ಬಂಗಾರಿ, ಕುರ್ಚಿ ಕೊಟ್ಟರೂ ಕೂರದೆ. ಅವಳ ಹಿಂದೆ ನಾಲ್ಕು ಹೆಂಗಸರು, ಅವಳಿಂದ ದೂರ ನಿಂತು.

ನಾನು ಮೂಲೆಯಲ್ಲಿ ಕೂರುವವಳಿದ್ದೆ. ವೆಂಕಟ್ರಮಣ ಕರೆದರು. "ಅತ್ತಿಗೆ, ನೀವು ಶಾಲೆಯವ್ರು, ಅಕ್ಷರ ಚಂದ. ಠರಾವು ನೀವೇ ಬರೀರಿ."

ಉದ್ದ ಪುಸ್ತಕ, ಕೆಂಪು ಬಟ್ಟೆಯ ಹೊದಿಕೆ. ಎದುರಿಗೇ ಇದೆ. ಇಲ್ಲ ಎನ್ನಲು ಆಗಲಿಲ್ಲ. ಇವರು ಮೂರನೇ ಸಾಲಿನಲ್ಲಿ, ಬಿಳಿ ಅಂಗಿ. ನಾನೇ ಇಸ್ತ್ರಿ ಮಾಡಿದ್ದು. ಬೆಳಿಗ್ಗೆಯಿಂದ ಮಾತಾಡಿಲ್ಲ. ಹೇಳುತ್ತಾರೆ. ಕೊಟ್ಟ ಮಾತು ಎಂದೂ ತಪ್ಪಿದವರಲ್ಲ.

ಅದೇ ದಿನ. 11.45. ಚಾ ಕೊಡುತ್ತಿದ್ದಾರೆ

ಹತ್ತು ನಿಮಿಷ ಬಿಡುವು. ಬೇಗ ಬೇಗ ಬರೆಯುತ್ತಿದ್ದೇನೆ, ಡೈರಿಯನ್ನು ಠರಾವಿನ ಪುಸ್ತಕದ ಮೇಲೆ ಇಟ್ಟುಕೊಂಡು.

ವಿನೋದನನ್ನು ಕೇಳಿದರು. "ನಾ ಮುಂದೆ ನೋಡ್ತಿದ್ದೆ, ಎಂತ ಆತು ಗೊತ್ತಾಗ್ಲಿಲ್ಲ," ಅಂದ. ಬೆವರುತ್ತಿದ್ದ.

ಆಮೇಲೆ ಇವರನ್ನು. ಎದ್ದು ನಿಂತರು.  ನಾನು ಪೆನ್ನು ಹಿಡಿದು ಕಾದೆ.

"ಅವ್ಳು ದಾರಿ ನಡೂ ಇದ್ದಿದ್ಳು," ಅಂದರು. "ನಾ ತಿರ್ಗಿಸೂದ್ರೊಳಗೆ ಆಗ್ಹೋತು."

ಅಷ್ಟೇ. ಕೂತರು.

ಬಂಗಾರಿ ಕೈ ಮುಗಿದಳು. ಒಂದು ಕೈ ಕಟ್ಟಿತ್ತಲ್ಲ, ಇನ್ನೊಂದನ್ನೇ ಎದೆಗಿಟ್ಟು, "ಹೌದು, ತಾಂಡೇಲ್ರು ಹೇಳಿದ್ದೇ ಸರಿ" ಅಂದಳು. ನಾಲ್ವರು ಹೆಂಗಸರಲ್ಲಿ ಒಬ್ಬಳು ಉಗಿದು ಹೊರಗೆ ಹೋದಳು.

ನಾನು ಜೊತೆಗೆ ಬದುಕಿದ ಇಪ್ಪತ್ತೆರಡು ವರ್ಷವೂ ಇವರದು ನೇರ ಮಾತು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು.  ವೆಂಕಟ್ರಮಣ ಹೇಳುತ್ತಾ ಹೋದರು, "ಬರೀರಿ ಅತ್ತಿಗೆ, ಬಂಗಾರಿ ಎನ್ನುವವರು ನಿಯಮ ಮೀರಿ..." ಬರೆದೆ. ತಲೆ ಎತ್ತದೆ ಬರೆದೆ. ಅವರು ಹೇಳಿದ್ದನ್ನಲ್ಲ. ಬರೆದದ್ದು ಇದು —

"ದಿನಾಂಕ 28ರಂದು ಬೋಟು ನಡೆಸುತ್ತಿದ್ದ ಶ್ರೀ ಜಟ್ಟ ಇವರಿಗೆ ಎರಡೂ ಬದಿಯ ದೃಷ್ಟಿ ಇರುವುದಿಲ್ಲ. ಇದನ್ನು 27ರಂದು ವೈದ್ಯರು ತಿಳಿಸಿರುತ್ತಾರೆ. ಇವರ ಪತ್ನಿ ವೀಣಾ ಇವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅವರು ಆ ಸಮಯ ಬೋಟಿನಲ್ಲಿ ಕುಣಿಯುತ್ತಿದ್ದರು. ಬಂಗಾರಿ ಇವರು ತಮ್ಮ ಜಾಗದಲ್ಲಿಯೇ ಇದ್ದರು. ಅವರದು ತಪ್ಪಿಲ್ಲ."

ಇವರ ಹೆಸರು ಬರೆಯುವಾಗ ಪೆನ್ನು ನಿಂತಿತು. ಬಾಯಲ್ಲಿ ಎಂದೂ ಹೇಳದ ಹೆಸರು.

ಚಾ ತಂದದ್ದು ಇವರೇ. ಲೋಟ ಇಡಲು ಬಗ್ಗಿದರು. ಠರಾವಿನ ಪುಟ ಎದುರಿಗೇ ಇತ್ತು. ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಓದಿದರು. ಮತ್ತೆ ಮೇಲಿನಿಂದ ಓದಿದರು. ಹರಿದು ಹಾಕುತ್ತಾರೆ ಅಂದುಕೊಂಡೆ. ಕೈ ಪುಟದ ಮೇಲಿತ್ತು.

"ಮನೆಗೆ ಹೋಗಿ ನಾ ಎಂತ ಮಾಡೂದು, ವೀಣಾ?"

ಪೆನ್ನಿನ ಟೊಪ್ಪಿ ಹಾಕಿದೆ. 

ಕೈ ತೆಗೆದರು. ಹೋಗಿ ಕೂರಲಿಲ್ಲ, ಇಲ್ಲೇ ನನ್ನ ಕುರ್ಚಿ ಹಿಡಿದು ನಿಂತಿದ್ದಾರೆ. ಏನು ಮಾಡುತ್ತಾರೋ. 

ಲೋಟ ಒಟ್ಟು ಮಾಡುತ್ತಿದ್ದಾರೆ. ಬಂಗಾರಿಯ ಎದುರು ಶಾಯಿಯ ಡಬ್ಬಿ ತೆರೆದಿಟ್ಟರು. ಹೆಬ್ಬೆಟ್ಟು ಮುಂದೆ ಮಾಡಿ ನಿಂತಿದ್ದಾಳೆ.

ವೆಂಕಟ್ರಮಣ ಕರೆದರು. "ಮೊದ್ಲು ಒಂದ್ಸಲ ಓದಿ ಹೇಳಿ ಅತ್ತಿಗೆ, ಗಟ್ಟಿಯಾಗಿ, ಎಲ್ರಿಗೂ ಕೇಳೋ ಹಾಂಗೆ."

ಬರೆದದ್ದನ್ನೇ ಓದುತ್ತೇನೆ.